ಜುಟ್ಟಿನ ಬಸ್ಸು

ಕಳೆದ ಬುಧವಾರ ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಾನು ಒಬ್ಬರ ಫೋಟೋ ಹಾಳು ಮಾಡಿದೆ.

ಬೇಕೆಂದು ಮಾಡಿದ್ದಲ್ಲ. ಹೊಸ ಕರೆಂಟ್ ಬಸ್ಸೊಂದು ಬಂದು ನಿಂತಿತ್ತು. ಜನ ಅದರ ಬಾಗಿಲು ನೋಡುತ್ತಿದ್ದರು, ಸೀಟು ನೋಡುತ್ತಿದ್ದರು, ಒಳಗೆ ಎ.ಸಿ. ಇದೆಯೋ ಇಲ್ಲವೋ ಅಂತ ಕೈ ಚಾಚಿ ನೋಡುತ್ತಿದ್ದರು. ನಾನು ಅದರ ನೆತ್ತಿ ನೋಡುತ್ತಿದ್ದೆ. ನೆತ್ತಿ ಕಾಣಬೇಕಾದರೆ ದೂರ ಹೋಗಬೇಕಲ್ಲ? ಸೆರಗನ್ನು ಹಣೆಗೆ ಅಡ್ಡ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋದೆ. ಬೆನ್ನ ಹಿಂದೆ ಒಬ್ಬರು ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದಾರೆ ಅಂತ ನನಗೇನು ಗೊತ್ತು?

"ಅಮ್ಮಾ, ಅಮ್ಮಾ! ಒಂಚೂರು ಪಕ್ಕಕ್ಕೆ ಬರ್ರಿ. ಇಡೀ ಬಸ್ಸಿಗೆ ನೀವೇ ಅಡ್ಡ ನಿಂತಿದೀರಿ!"

ನಾಚಿಕೆಯಿಂದ ನನಗೆ ಅಲ್ಲೇ ಭೂಮಿಗೆ ಇಳಿದುಹೋಗುವಂತಾಯಿತು. ಸೌತೆಕಾಯಿ ಮಾರುವ ರತ್ನಮ್ಮ ಬುಟ್ಟಿಯ ಹಿಂದಿನಿಂದಲೇ ನನ್ನ ಪರ ಜಗಳಕ್ಕೆ ನಿಂತಳು. "ನೀನು ಅಲ್ಲೇ ನಿಂತ್ಕಾ ಅಜ್ಜಿ. ಆವಯ್ಯ ಬೆಳಗ್ಗಿಂದ ಬಸ್ಸಿನ ಸುತ್ತ ಸುತ್ತತಾ ಐತೆ, ಹೆಣ್ಣು ನೋಡಾಕೆ ಬಂದಂಗೆ!"

ಆ ಮನುಷ್ಯ ನಕ್ಕುಬಿಟ್ಟರು. ಹೊಸದುರ್ಗದ ಕಡೆಯ ಶಾಲೆಯೊಂದರ ಮೇಷ್ಟ್ರು. ನಲವತ್ತು ದಾಟಿದ ವಯಸ್ಸು. ಬಸ್ಸುಗಳ ಫೋಟೋ ತೆಗೆಯುವುದು ಅವರ ಹವ್ಯಾಸವಂತೆ. ಹೊಸ ಬಸ್ಸು ಬಂತೆಂದರೆ ಹಿರಿಯೂರಾಗಲಿ ದಾವಣಗೆರೆಯಾಗಲಿ, ಹೋಗಿ ನಿಲ್ಲುತ್ತಾರಂತೆ. "ಇವತ್ತೂ ಸಿ.ಎಲ್. ಹಾಕಿ ಬಂದಿದೀನಮ್ಮ. ಮನೆಯಾಗೆ ಮಾತ್ರ ಮದುವೆಗೆ ಹೋಗ್ತೀನಿ ಅಂತ ಹೇಳೀನಿ. ಬಸ್ ನೋಡಾಕೆ ಹೋಗ್ತೀನಿ ಅಂದ್ರೆ ಯಾರು ನಂಬ್ತಾರೆ?"

ಯಾರು ನಂಬುತ್ತಾರೆ! ಆ ಮಾತು ನನಗೆ ಎಲ್ಲಿ ಹೋಗಿ ತಾಗಿತು ಅಂತ ಅವರಿಗೆ ತಿಳಿಯುವ ಹಾಗಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಈ ಮುದುಕಿಗೆ ಏನು ಕೆಲಸ ಅಂತ ನೀವು ಕೇಳಬಹುದು. ಹೇಳುತ್ತೇನೆ. ಮಗಳ ಮನೆ ಬಸ್ ಸ್ಟ್ಯಾಂಡಿನಿಂದ ಎರಡು ಬೀದಿ ಹಿಂದೆ. ಮಗಳು ಆಸ್ಪತ್ರೆಯಲ್ಲಿ ನರ್ಸು. ಅಳಿಯನ ಕೆಲಸ ಹಿರಿಯೂರಿನಲ್ಲಿ. ಮೊಮ್ಮಕ್ಕಳಿಗೆ ಸ್ಕೂಲು, ಟ್ಯೂಷನ್ನು. (ಹೌದು ಮಕ್ಕಳೇ, ನಿಮ್ಮ ವಿಷಯವೇ. ಈ ಅಂಕಣ ನಿಮಗಾಗಿ ಬರೆಯುವುದು. ಬೇರೆಯವರು ಓದಿದರೆ ಅದು ಅವರ ಪ್ರೀತಿ.) ಎಲ್ಲರೂ ಒಳ್ಳೆಯವರು, ಊಟ ಬಟ್ಟೆಗೆ ಒಂದು ಮಾತಿಲ್ಲ. ಆದರೆ ಬೆಳಿಗ್ಗೆ ಒಂಬತ್ತು ಗಂಟೆಯ ಮೇಲೆ ಆ ಮನೆಯಲ್ಲಿ ಮಾತಾಡುವುದು ಫ್ಯಾನ್ ಒಂದೇ. ಅದು ಹೇಳುವುದನ್ನೆಲ್ಲ ಕೇಳಿ ಮುಗಿಸಿ, ಹತ್ತಕ್ಕೆ ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ.

ಮೊದಮೊದಲು ಕಷ್ಟವಾಗುತ್ತಿತ್ತು. ಸುಮ್ಮನೆ ಕೂತವರನ್ನು ಜನ ಸುಮ್ಮನೆ ಬಿಡುವುದಿಲ್ಲ. "ಎಲ್ಲಿಗೆ ಹೋಗ್ಬೇಕಜ್ಜಿ?" ಅನ್ನುತ್ತಾರೆ. ಎಲ್ಲಿಗೂ ಇಲ್ಲ ಅನ್ನಲು ನಾಚಿಕೆ. ಒಂದು ಸಲ ಬಾಯಿಗೆ ಬಂದದ್ದು, "ಹೊಳಲ್ಕೆರೆಗೆ" ಅಂದೆ. ಕಂಡಕ್ಟರ್ ಒಬ್ಬರು ಪಾಪ, ಹೊರಟಿದ್ದ ಹೊಳಲ್ಕೆರೆ ಬಸ್ಸನ್ನು ಸೀಟಿ ಊದಿ ನಿಲ್ಲಿಸಿ, ನನ್ನ ರಟ್ಟೆ ಹಿಡಿದು ಹತ್ತಿಸಿಯೇಬಿಟ್ಟರು! ಮುಂದಿನ ಸ್ಟಾಪಿನಲ್ಲಿ "ಚೀಲ ಮರೆತೆ" ಅಂತ ಇಳಿದು ನಡೆದುಕೊಂಡು ಬಂದೆ. ಅಂದಿನಿಂದ ರತ್ನಮ್ಮನ ಬುಟ್ಟಿಯ ಪಕ್ಕ ಕೂರುತ್ತೇನೆ. ಅಲ್ಲಿ ಕೂತರೆ ಸೌತೆಕಾಯಿಯವಳ ಅಮ್ಮ ಅಂದುಕೊಳ್ಳುತ್ತಾರೆ. ಯಾರೂ ಕೇಳುವುದಿಲ್ಲ.

ಅಲ್ಲಿ ಕೂತು ಬಸ್ಸುಗಳ ನೆತ್ತಿ ನೋಡುತ್ತೇನೆ. ಮೊದಲು ಬಸ್ಸಿನ ಹಿಂದೆ ಏಣಿ ಇರುತ್ತಿತ್ತು, ಮೇಲೆ ಕ್ಯಾರಿಯರ್. ಬದನೆಕಾಯಿ ಮೂಟೆ, ಸೈಕಲ್ಲು, ಹಾಸಿಗೆ ಸುರುಳಿ, ಕೆಲವು ಸಲ ಕಾಲು ಕಟ್ಟಿದ ಟಗರು. ಯಾವ ಊರಿನಲ್ಲಿ ಸಂತೆ, ಯಾರ ಮನೆಯಲ್ಲಿ ಮದುವೆ, ಎಲ್ಲವನ್ನೂ ನೆತ್ತಿ ನೋಡಿ ಹೇಳಬಹುದಿತ್ತು. ಈಗಿನ ಬಸ್ಸುಗಳ ನೆತ್ತಿ ಬೋಳು. ಆದರೂ ನೋಡುತ್ತೇನೆ. ಇದು ನಾನಾಗಿ ಕಲಿತದ್ದಲ್ಲ, ನಿಮ್ಮ ತಾತನ ಚಾಳಿ. ಅವರು ಹೋಗಿ ಮೂರು ವರ್ಷವಾಯಿತು. ಅವರು ಬಿಟ್ಟುಹೋದ ಮೇಲೆ ನನಗೆ ಹತ್ತಿಕೊಂಡಿತು.

ಮೇಷ್ಟ್ರಿಗೆ ಹೆಂಗಸೊಬ್ಬಳು ಬಸ್ಸಿನ ನೆತ್ತಿ ನೋಡುತ್ತಿದ್ದದ್ದೇ ಆಶ್ಚರ್ಯ. "ಏನಮ್ಮ ಹುಡುಕ್ತಿದ್ರಿ ಮ್ಯಾಲೆ?" ಅಂತ ಕೇಳಿದರು.

ಮಕ್ಕಳೇ, ನಿಮಗೆ ಗೊತ್ತಲ್ಲ, ಗುರುತಿಲ್ಲದವರ ಹತ್ತಿರ ನನಗೆ ಮಾತು ಏಳುವುದಿಲ್ಲ. ಬ್ಯಾಂಕಿನಲ್ಲಿ ಹೆಸರು ಕೇಳಿದರೂ ನಿಮ್ಮಮ್ಮನೇ ಹೇಳಬೇಕು. ಅವತ್ತು ಅದು ಹೇಗೋ ಹೊರಗೆ ಬಂತು.

"ಇದು ಕರೆಂಟಿನ ಬಸ್ಸಂತಲ್ಲಪ್ಪ. ಮತ್ತೆ ಜುಟ್ಟೆಲ್ಲಿ ಐತೆ?"

"ಜುಟ್ಟಾ?"

"ಎರಡು ಜುಟ್ಟು. ಉದ್ದಕೆ, ಬಿದಿರು ಗಳ ಇದ್ದಂಗೆ. ಮ್ಯಾಲಿನ ತಂತಿ ಮುಟ್ಟಿಕೊಂಡು ಹೋಗಾದು."

ರತ್ನಮ್ಮ ಆಗಲೇ ನಗಲು ಶುರು ಮಾಡಿದ್ದಳು. ಮೇಷ್ಟ್ರು ನಗಲಿಲ್ಲ. ಕಣ್ಣರಳಿಸಿ ನನ್ನ ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತೇಬಿಟ್ಟರು.

"ಅಮ್ಮಾ, ನೀವು ಟ್ರಾಲಿ ಬಸ್ ಎಲ್ಲಿ ನೋಡಿದ್ರಿ?"

ಟ್ರಾಲಿಯೇ? ನಮಗೆ ಟ್ರಾಲಿ ಅಂದರೆ ಟ್ರ್ಯಾಕ್ಟರ್ ಹಿಂದೆ ಕಟ್ಟುವುದು. ಗೊಬ್ಬರ ಹೇರುವುದು, ಮದುವೆ ದಿಬ್ಬಣ ಹೇರುವುದು. ಇಲ್ಲಪ್ಪ, ಅದಲ್ಲ, ನಮ್ಮ ಯಜಮಾನರು ಬೊಂಬಾಯಿಯಲ್ಲಿ ಕಂಡ ಬಸ್ಸು ಅಂದೆ. ಅವರು ಫೋನ್ ತೆಗೆದು, ಎರಡು ಸಲ ಒತ್ತಿ, ನನ್ನ ಮುಂದೆ ಹಿಡಿದರು.

ಅದು ಏನು ತೋರಿಸಿತು ಅನ್ನುವ ಮೊದಲು, ಆ ಬಸ್ಸು ನಮ್ಮ ಮನೆಯಲ್ಲಿ ಮಾಡಿದ ಕೆಲಸ ಹೇಳಬೇಕು.

ನಿಮ್ಮ ತಾತನದು ಹಿರೇಗುಂಟನೂರಿನ ಕಡೆ ಕುರಿ ಕಾಯುವ ಮನೆತನ. ಮದುವೆಗೆ ಮುಂಚೆ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, ಸೋದರಮಾವನ ಜೊತೆ ಕಂಬಳಿ ಮಾರಲು ಬೊಂಬಾಯಿಗೆ ಹೋಗಿದ್ದರಂತೆ. ಬಂದರಿನ ಹಮಾಲರು ನಮ್ಮ ಕಡೆಯ ಕಂಬಳಿ ಕೊಳ್ಳುತ್ತಿದ್ದರಂತೆ. ಅಲ್ಲಿ ಅವರು ಸಮುದ್ರ ನೋಡಿದರು, ಹಡಗು ನೋಡಿದರು. ಊರಿಗೆ ಬಂದು ಅದನ್ನೆಲ್ಲ ಬಿಟ್ಟು ಒಂದು ಬಸ್ಸಿನ ಕಥೆ ಹೇಳಿದರು. ಹೊಗೆ ಇಲ್ಲ, ಸದ್ದಿಲ್ಲ. ತಲೆ ಮೇಲೆ ಎರಡು ಜುಟ್ಟು. ಜುಟ್ಟು ತಂತಿಗೆ ತಾಗಿದ್ದರೆ ಓಡುತ್ತದೆ, ಜಾರಿದರೆ ನಿಲ್ಲುತ್ತದೆ. ಆಗ ಕಂಡಕ್ಟರ್ ಇಳಿದು, ಹಿಂದೆ ಇಳಿಬಿಟ್ಟ ಹಗ್ಗ ಹಿಡಿದು ಜಗ್ಗಿ, ಜುಟ್ಟನ್ನು ಮತ್ತೆ ತಂತಿಗೆ ಸಿಕ್ಕಿಸುತ್ತಾನೆ.

ಹಡಗನ್ನು ಎಲ್ಲರೂ ನಂಬಿದರು. ಬಸ್ಸನ್ನು ಯಾರೂ ನಂಬಲಿಲ್ಲ. ಬಸ್ಸು ಅಂದರೆ ಏನು ಅಂತ ನಮಗೆ ಗೊತ್ತಿತ್ತಲ್ಲ!

ಆದರೂ ಅವರು ಹೇಳುತ್ತಲೇ ಇದ್ದರು. ಮದುವೆಯಾದ ಹೊಸದರಲ್ಲಿ ನನಗೂ ಹೇಳಿದರು. ನಾನು ಹೂಂ ಅಂದೆ. ಹೊಸ ಹೆಂಡತಿ ಇನ್ನೇನು ಅನ್ನುತ್ತಾಳೆ?

ಆಮೇಲೆ ನಾದಿನಿಯ ಒಪ್ಪಿಗೆ ಶಾಸ್ತ್ರ ಬಂತು. ಹೊಳಲ್ಕೆರೆ ಕಡೆಯಿಂದ ಗಂಡಿನವರು ಬಂದಿದ್ದರು. ಊಟ ಮುಗಿಸಿ ಗಂಡಸರೆಲ್ಲ ಜಗಲಿಯ ಮೇಲೆ ಕೂತಿದ್ದರು. ನಿಮ್ಮ ತಾತನ ಗೆಳೆಯ ಓಬಣ್ಣ ಆಗಷ್ಟೇ ಬೊಂಬಾಯಿಗೆ ಹೋಗಿ ಬಂದಿದ್ದ. ನೆಂಟರೆಲ್ಲರ ಮುಂದೆ ಅವನು ದೊಡ್ಡ ಗಂಟಲಿನಲ್ಲಿ ಶುರು ಮಾಡಿದ.

"ಲೇ ತಿಪ್ಪೇಸಿ, ಮೂರು ದಿನ ಕತ್ತು ನೋಯಾವರ್ಗೂ ನೋಡಿದೆ ಕಣಲೇ. ನಿನ್ ಜುಟ್ಟಿನ ಬಸ್ಸು ಒಂದಾದ್ರೂ ಇಲ್ಲ! ತಂತೀನೂ ಇಲ್ಲ, ಎಂಥದೂ ಇಲ್ಲ!"

"ಐತೆ ಕಣಲೇ," ಅಂದರು ಇವರು. "ನಾನೇ ಕಂಡೀನಿ. ಜುಟ್ಟು ಜಾರಿದ್ರೆ ಕಂಡಕ್ಟ್ರು ಇಳಿದು ಹಗ್ಗ ಹಿಡಿದು..."

ನಾನು ಎಲೆ ಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅದೇನು ಗಾಳಿ ಹೊಕ್ಕಿತೋ ಕಾಣೆ. ಬಾಯಿ ತೆರೆದೆ.

"ಹಗ್ಗ ಹಿಡಿದು ಜಗ್ಗಾದಾದ್ರೆ ಅದು ಬಸ್ಸಲ್ಲ, ಗಾಳಿಪಟ."

ಜಗಲಿಯೇ ಬಿದ್ದುಹೋಗುವ ಹಾಗೆ ನಗು! ಗಂಡಿನ ತಂದೆ ತೊಡೆ ತಟ್ಟಿಕೊಂಡು ನಕ್ಕರು. ನನ್ನ ಅತ್ತೆ, ನನ್ನನ್ನು ಮೂಗಿ ಅಂತಲೇ ಕರೆಯುತ್ತಿದ್ದವರು, ಸೆರಗು ಬಾಯಿಗಿಟ್ಟು ನಕ್ಕರು. ಇವರೂ ನಕ್ಕರು. ಎಲ್ಲರಿಗಿಂತ ಸ್ವಲ್ಪ ತಡವಾಗಿ.

ನಾಲ್ಕು ಜನರ ಮುಂದೆ ನಾನು ಹೇಳಿದ ಒಂದೇ ಒಂದು ತಮಾಷೆ ಅದು. ಸುಳ್ಳೇಕೆ ಹೇಳಲಿ, ಮೂರು ದಿನ ಒಳಗೊಳಗೇ ಹಿಗ್ಗಿದ್ದೆ.

ಆ ಸಂಜೆಯಿಂದ ನಿಮ್ಮ ತಾತ ಊರಿಗೆಲ್ಲ 'ಗಾಳಿಪಟದ ತಿಪ್ಪೇಸಿ' ಆದರು. ಲಗ್ನಪತ್ರಿಕೆ ಹಂಚಲು ಬಂದವರೂ "ಗಾಳಿಪಟದೋರ ಮನೆ ಯಾವುದು?" ಅಂತ ಕೇಳುತ್ತಿದ್ದರು. ಅವರು ಯಾರ ಮೇಲೂ ಸಿಟ್ಟಾಗಲಿಲ್ಲ. ನನ್ನ ಮೇಲಂತೂ ಇಲ್ಲವೇ ಇಲ್ಲ. ಆ ಬಸ್ಸಿನ ಮಾತು ಮಾತ್ರ ಮತ್ತೆಂದೂ ಅವರ ಬಾಯಲ್ಲಿ ಬರಲಿಲ್ಲ.

ಹೇಳುವುದನ್ನು ಬಿಟ್ಟರು, ನೋಡುವುದನ್ನು ಬಿಡಲಿಲ್ಲ. ದಾವಣಗೆರೆಗೆ ಆಸ್ಪತ್ರೆಗೆ ಹೋದಾಗ, ಮೈಸೂರಿಗೆ ಮಗಳನ್ನು ಟ್ರೇನಿಂಗಿಗೆ ಬಿಡಲು ಹೋದಾಗ, ಬೆಂಗಳೂರಿನಲ್ಲಿ ಬಸ್ಸು ಬದಲಾಯಿಸುವಾಗ, ಎಲ್ಲ ಕಡೆ ಕೈಯಲ್ಲಿ ಚೀಲ ಹಿಡಿದು ನಿಂತು ಒಂದೊಂದೇ ಸಿಟಿ ಬಸ್ಸಿನ ನೆತ್ತಿ ನೋಡುತ್ತಿದ್ದರು. "ಏನು ನೋಡ್ತೀರಿ?" ಅಂದರೆ "ಏನಿಲ್ಲ, ಹೋಗಾಣ" ಅನ್ನುತ್ತಿದ್ದರು. ಏನು ನೋಡುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಪಾಪ, ಈ ವಯಸ್ಸಿನಲ್ಲೂ ಬಿಡಲಿಲ್ಲವಲ್ಲ ಅಂದುಕೊಳ್ಳುತ್ತಿದ್ದೆ. ಹುಚ್ಚಿರುವ ಗಂಡನನ್ನು ಸಂಭಾಳಿಸುವ ಒಳ್ಳೆಯ ಹೆಂಡತಿ ನಾನು!

ಈಗ ಮೇಷ್ಟ್ರ ಫೋನಿಗೆ ಬನ್ನಿ.

ಯಾವುದೋ ದೂರದ ದೇಶದ ಊರು. ಮಂಜು ಮುಸುಕಿದ ರಸ್ತೆ. ಮೇಲೆ ಬಟ್ಟೆ ಒಣಹಾಕಿದ ಹಗ್ಗಗಳಂತೆ ಸಾಲು ತಂತಿ. ತಂತಿಯ ಕೆಳಗೆ ಕೆಂಪು ಬಸ್ಸು. ಅದರ ನೆತ್ತಿಯ ಮೇಲೆ ಎರಡು ಗಳ.

ಎರಡು. ಅವರು ಹೇಳಿದಷ್ಟೇ.

ತಿರುವಿನಲ್ಲಿ ಒಂದು ಗಳ ತಂತಿ ಬಿಟ್ಟು ಜಾರಿತು. ಬಸ್ಸು ನಿಂತಿತು. ಕೋಟು ಹಾಕಿದ ಒಬ್ಬ ಇಳಿದು ಹಿಂದಕ್ಕೆ ಬಂದ. ಹಗ್ಗ ಹಿಡಿದ. ಜಗ್ಗಿದ. ಕತ್ತೆತ್ತಿ ನೋಡುತ್ತಾ ಆ ಕಡೆ ಈ ಕಡೆ ಆಡಿಸಿದ. ಗಳ ತಂತಿಗೆ ಸಿಕ್ಕಿಕೊಂಡಿತು. ಕೈ ಒರೆಸಿಕೊಂಡು ಹೋಗಿ ಹತ್ತಿದ. ಬಸ್ಸು ಹೊರಟಿತು.

ರತ್ನಮ್ಮ ಬಗ್ಗಿ ನೋಡಿ, "ಅಯ್ಯೋ, ನಿಜವಾಗ್ಲೂ ಐತಲ್ಲಜ್ಜಿ!" ಅಂದಳು.

"ಬೊಂಬಾಯಾಗೂ ಓಡ್ತಿದ್ವು ಅಮ್ಮ," ಅಂದರು ಮೇಷ್ಟ್ರು. "ಆಮೇಲೆ ನಿಲ್ಲಿಸಿಬಿಟ್ರು. ತಂತೀನೂ ಬಿಚ್ಚಿದ್ರು. ನಮ್ಮಂಥೋರು ಈಗ ಹಳೇ ಫೋಟೋ ಹುಡುಕಿ ನೋಡ್ಕಂತೀವಿ ಅಷ್ಟೆ. ನಿಮ್ಮ ಯಜಮಾನ್ರು ಕಣ್ಣಾರೆ ನೋಡಿದ್ರಾ? ಪುಣ್ಯವಂತರು ಬಿಡ್ರಿ!"

ನಿಲ್ಲಿಸಿಬಿಟ್ಟಿದ್ದರು. ಅಂದರೆ ಓಬಣ್ಣ ಹೋಗುವ ಹೊತ್ತಿಗೆ ಆ ಬಸ್ಸು ಇರಲಿಲ್ಲ. ಅವನು ಹೇಳಿದ್ದೂ ನಿಜ, ಇವರು ಹೇಳಿದ್ದೂ ನಿಜ. ಸುಳ್ಳು ಹೇಳಿದವಳು ನಾನೊಬ್ಬಳೇ. ಅದೂ ಏನನ್ನೂ ನೋಡದೆ, ಬಾಗಿಲಲ್ಲಿ ನಿಂತು.

ಒಂದು ಮಾತು ಯೋಚನೆ ಮಾಡಿ. ಅವರಿಗೆ 'ಟ್ರಾಲಿ ಬಸ್' ಅನ್ನುವ ಹೆಸರು ಗೊತ್ತಿದ್ದಿದ್ದರೆ? ಇಂಗ್ಲಿಷ್ ಹೆಸರು ಹೇಳಿದ್ದರೆ ಜಗಲಿಯ ಮೇಲಿದ್ದವರೆಲ್ಲ ತಲೆಯಾಡಿಸುತ್ತಿದ್ದರು. ಅವರು ಕಂಡದ್ದನ್ನು ಕಂಡ ಹಾಗೆ ಜುಟ್ಟು ಅಂದರು. ನಾವು ನಕ್ಕೆವು. ಜುಟ್ಟು ಅಂದರೆ ನಗು, ಟ್ರಾಲಿ ಅಂದರೆ ಮರ್ಯಾದೆ. ಇದೆಂಥ ನ್ಯಾಯ?

ಮೇಷ್ಟ್ರು ಆ ವಿಡಿಯೋವನ್ನು ನನ್ನ ಫೋನಿಗೆ ಹಾಕಿಕೊಟ್ಟರು. ಸಂಜೆ ಮಗಳಿಗೆ ತೋರಿಸಿದೆ. "ಹೌದಾ ಅಮ್ಮ? ಅಪ್ಪ ಕಂಡಿದ್ದು ಇದಾ?" ಅಂತ ಒಂದು ಸಲ ನೋಡಿ, ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸಿದಳು. ಎರಡು ಶಿಫ್ಟು ಮಾಡಿ ಬಂದಿದ್ದಳು, ತಪ್ಪಿಲ್ಲ. ಆಮೇಲೆ ಮೊಮ್ಮಗ (ನೀನೇ ಕಣೋ) ಫೋನ್ ಕಿತ್ತುಕೊಂಡು ಹೇಳಿದ: "ಅಜ್ಜಿ, ಇಂಥವು ಸಾವಿರ ಅವೆ. ಸುಮ್ನೆ ಟೈಪ್ ಮಾಡಿದ್ರೆ ಬರುತ್ತೆ, ನೋಡು!"

ಅರ್ಧ ನಿಮಿಷ ಬೇಕಾಯಿತು ಅವನಿಗೆ.

ನಿಮ್ಮ ತಾತ ಇದ್ದಾಗಲೇ ಆ ಫೋನು ಮನೆಗೆ ಬಂದಿತ್ತು. ನಾಲ್ಕೈದು ವರ್ಷ ಫ್ರಿಜ್ಜಿನ ಮೇಲೆ ಕೂತಿತ್ತು. ಅದರಲ್ಲಿ ಅಡುಗೆ ನೋಡಿದೆ, ಮದ್ದು ನೋಡಿದೆ, ರಂಗೋಲಿ ನೋಡಿದೆ. ಅದನ್ನೊಂದು ನೋಡಲು ತೋಚಲೇ ಇಲ್ಲ. ಸುಳ್ಳು ಅಂತ ತೀರ್ಮಾನ ಮಾಡಿ ಇಟ್ಟದ್ದನ್ನು ಯಾರು ಹುಡುಕುತ್ತಾರೆ?

ರಾತ್ರಿ ನಿದ್ದೆ ಬರಲಿಲ್ಲ ಅಂತೆಲ್ಲ ಬರೆಯುವುದಿಲ್ಲ. ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಮಾತ್ರ ಒಂದು ನಿರ್ಧಾರವಾಗಿತ್ತು. ಆ ಜಗಲಿಯ ಮೇಲಿದ್ದವರಲ್ಲಿ ಇನ್ನೂ ಬದುಕಿರುವುದು ಓಬಣ್ಣ ಒಬ್ಬನೇ. ನಾಲ್ಕು ಜನರ ಮುಂದೆ ಕೆಡಿಸಿದ ಹೆಸರನ್ನು ಒಬ್ಬರ ಮುಂದಾದರೂ ಸರಿಮಾಡಬೇಕು. ಇದು ನನ್ನಿಂದ ಆಗಬೇಕಾದ ಕೆಲಸ. ಮಗಳಿಗೆ ಹೇಳಿ ಮಾಡಿಸುವಂಥದ್ದಲ್ಲ.

ಶುಕ್ರವಾರ ಹಿರೇಗುಂಟನೂರಿನ ಬಸ್ಸು ಹತ್ತಿದೆ. ಒಬ್ಬಳೇ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಶಾಲೆಯ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. 'ಅಣ್ಣ, ಅವತ್ತು ನಾನಾಡಿದ ಮಾತು ತಪ್ಪು. ಅವರು ಕಂಡಿದ್ದು ನಿಜ. ಇಗೋ ನೋಡು.' ಇಷ್ಟೇ. ಇಷ್ಟಕ್ಕೆ ಮೂರು ಸಲ ನೀರು ಕುಡಿದೆ.

ಓಬಣ್ಣ ಮಂಚದ ಮೇಲೆ ಕೂತಿದ್ದ. ತುಂಬಾ ಇಳಿದುಹೋಗಿದ್ದಾನೆ. ಕಿವಿ ಮಂದ. ಸೊಸೆ ಮಂಜಮ್ಮ ಅವನ ಕಿವಿಯ ಹತ್ತಿರ ಬಗ್ಗಿ, "ಮಾವ, ತಿಪ್ಪೇಸಣ್ಣರ ಮನೆಯೋರು ಬಂದವ್ರೆ, ದುರ್ಗದಿಂದ!" ಅಂತ ಕೂಗಿದಳು.

ಅವನ ಮುಖ ಅರಳಿತು. "ಬಾ ತಂಗೀ, ಕುಂತ್ಕಾ. ಯಾರು, ಗಾಳಿಪಟದ ತಿಪ್ಪೇಸಿ ಹೆಂಡ್ತಿ ಅಲ್ವಾ?"

ಸರಿಯಾದ ಜಾಗಕ್ಕೇ ಬಂದಿದ್ದೇನೆ ಅನ್ನಿಸಿತು. ಫೋನ್ ತೆಗೆದೆ. ಬಾಯಿಪಾಠ ಒಪ್ಪಿಸಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವನೇ ಸೊಸೆಗೆ ಹೇಳತೊಡಗಿದ.

"ನಿಂಗೊತ್ತಿಲ್ಲ ಮಂಜಿ, ಅವನಂಗೆ ಗಾಳಿಪಟ ಬಿಡೋನು ಈ ಸುತ್ತಿನಾಗೆ ಇರ್ಲಿಲ್ಲ. ಕೆರೆ ಏರಿ ಮ್ಯಾಲೆ ನಿಂತು ಬಿಟ್ಟಾ ಅಂದ್ರೆ ಮೋಡಕ್ಕೆ ತಾಗಾದು. ಅದ್ಕೇ ಆ ಹೆಸ್ರು."

"ಹೂಂ, ಮಾವ ಯಾವಾಗ್ಲೂ ಹೇಳ್ತಾರೆ," ಅಂದಳು ಮಂಜಮ್ಮ ನನಗೆ. "ನಮ್ಮ ಹುಡುಗ್ರು ಗಾಳಿಪಟ ಕಟ್ಟುವಾಗೆಲ್ಲ ತಿಪ್ಪೇಸಣ್ಣರದೇ ಮಾತು."

ನಿಮ್ಮ ತಾತ ಜೀವಮಾನದಲ್ಲಿ ಒಂದು ಗಾಳಿಪಟವನ್ನೂ ಬಿಟ್ಟವರಲ್ಲ.

"ಓಬಣ್ಣ, ಅದಲ್ಲ," ಅಂದೆ. "ಆ ಹೆಸರು ಬಸ್ಸಿಂದ ಬಂದಿದ್ದು. ಬೊಂಬಾಯಿ ಬಸ್ಸು. ನೀನೇ ಹೋಗಿ ನೋಡ್ಕಂಡು ಬಂದಿದ್ಯಲ್ಲ? ಜಗಲಿ ಮ್ಯಾಲೆ ಹೇಳಿದ್ಯಲ್ಲ?"

"ಬೊಂಬಾಯಾ?" ಅವನು ನನ್ನನ್ನು ದಿಟ್ಟಿಸಿ ನೋಡಿದ. "ನಾನ್ಯಾವಾಗ ಹೋಗಿದ್ದೆ ತಂಗೀ ಬೊಂಬಾಯಿಗೆ?"

ಮತ್ತೆ ಕೇಳಿದೆ. ಬಿಡಿಸಿ ಹೇಳಿದೆ. ನಾದಿನಿಯ ಹೆಸರು ಹೇಳಿದೆ, ಗಂಡಿನ ತಂದೆ ತೊಡೆ ತಟ್ಟಿ ನಕ್ಕದ್ದು ಹೇಳಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ, "ಒಳ್ಳೆ ಮನುಷ್ಯ ಕಣಮ್ಮ. ಏನ್ ಗಾಳಿಪಟ ಬಿಡ್ತಿದ್ದ!" ಅಂದ.

ಸುಮ್ಮನೆ ಎದ್ದು ಬಂದುಬಿಡಬಹುದಿತ್ತು. ಊರು ಅವರನ್ನು ಒಳ್ಳೆಯದಕ್ಕೇ ನೆನೆಸುತ್ತಿದೆ. ಸುಳ್ಳುಗಾರ ಅಂದ ನೆನಪು ಒಬ್ಬರಿಗೂ ಇಲ್ಲ, ನನ್ನ ಮಾತೂ ಯಾರಿಗೂ ನೆನಪಿಲ್ಲ. ಇನ್ನೇನು ಬೇಕು? ಆದರೆ ಅವರು ನಿಜವಾಗಿ ಕಂಡದ್ದು ಹೋಯಿತಲ್ಲ! ಕಾಣದ ಗಾಳಿಪಟವೊಂದು ಉಳಿದು, ಕಂಡ ಬಸ್ಸು ಹೋಯಿತಲ್ಲ!

ಫೋನನ್ನು ಮಂಜಮ್ಮನ ಮುಂದೆ ಹಿಡಿದೆ. ಮೊದಲಿನಿಂದ ಹೇಳಿದೆ. ಬಂದರು, ಕಂಬಳಿ, ಜುಟ್ಟು. ಬಾಗಿಲಲ್ಲಿ ನಿಂತು ನಾನಾಡಿದ ಮಾತನ್ನೂ ಬಿಡದೆ ಹೇಳಿದೆ. ಇಷ್ಟು ಮಾತನ್ನು ನಾನು ಒಂದೇ ಉಸಿರಿಗೆ ಯಾರ ಹತ್ತಿರವೂ ಆಡಿದವಳಲ್ಲ.

ಮಂಜಮ್ಮ ಕೈ ಒರೆಸಿಕೊಂಡು ಬಂದು, ನನ್ನ ಪಕ್ಕ ನೆಲದ ಮೇಲೆ ಕೂತು, ವಿಡಿಯೋವನ್ನು ಎರಡು ಸಲ ನೋಡಿದಳು. ನಗಲಿಲ್ಲ. ಅನುಮಾನ ಪಡಲಿಲ್ಲ. ಯಾವ ಕಷ್ಟವೂ ಇಲ್ಲದೆ ನಂಬಿಬಿಟ್ಟಳು! ನಂಬುವುದು ಇಷ್ಟು ಸುಲಭವಿತ್ತೇ?

ಆಮೇಲೆ ಆಸೆಯಿಂದ ಮುಖವೆತ್ತಿ ಕೇಳಿದಳು: "ಹಂಗಾದ್ರೆ ಅತ್ತೆ, ತಿಪ್ಪೇಸಣ್ಣರು ಇದ್ರಾಗೆ ಹತ್ತಿ ಕುಂತಿದ್ರಾ? ಒಳಗೆ ಹೆಂಗೈತೆ ಅಂತಿದ್ರು?"

ನಲವತ್ತು ಚಿಲ್ಲರೆ ವರ್ಷ ಒಂದೇ ಮನೆಯಲ್ಲಿದ್ದೆ ಮಕ್ಕಳೇ. ಅವರು ಆ ಬಸ್ಸು ಹತ್ತಿದ್ದರೋ, ಬರೀ ನಿಂತು ನೋಡಿದ್ದರೋ, ನಾನು ಕೇಳಿಯೇ ಇರಲಿಲ್ಲ.